ಸಾಲು ಬಿಟ್ಟು ಸಾಲು

ಅಣ್ಣತಮ್ಮಂದಿರು ಬೇರೆಯಾಗುವಾಗ ಹೊಲ ಹಂಚಿಕೊಳ್ಳುತ್ತಾರೆ, ಎತ್ತು ಹಂಚಿಕೊಳ್ಳುತ್ತಾರೆ, ಹಂಡೆ ಕೊಡ ಹಂಚಿಕೊಳ್ಳುತ್ತಾರೆ. ನಾವು ಮರ ಹಂಚಿಕೊಂಡೆವು. ಅದೂ ಸಾಲು ಬಿಟ್ಟು ಸಾಲು. ಒಂದನೆಯ ಸಾಲು ಅಣ್ಣ ಶಂಭುಲಿಂಗನದು, ಎರಡನೆಯದು ನನ್ನದು, ಮೂರನೆಯದು ಮತ್ತೆ ಅವನದು. ಹೀಗೆ ಮೂವತ್ತೆರಡು ಸಾಲು. ಈಗ ನಮ್ಮೂರು ಕುಪ್ಪೇಲೂರಿನಲ್ಲಿ ಇದನ್ನು ಹೇಳಿಕೊಂಡು ನಗುತ್ತಾರೆ. ಆವತ್ತು ಯಾರೂ ನಗಲಿಲ್ಲ. ಇದಕ್ಕಿಂತ ನ್ಯಾಯದ ಹಂಚಿಕೆ ಇಲ್ಲ ಅಂತ ಹಿರಿಯರು ತಲೆದೂಗಿದರು. ನಾನೂ ತೂಗಿದೆ.

ಈ ಕತೆಯಲ್ಲಿ ಕೆಟ್ಟವನು ಯಾರು ಅಂತ ಹುಡುಕುವ ತೊಂದರೆ ನಿಮಗೆ ಬೇಡ. ನಾನೇ. ಅಣ್ಣನ ಮರಗಳನ್ನು ಕೊಂದವನು ನಾನು, ಮಾಲತೇಶ. ಏಳು ವರ್ಷ ಅದು ಅವನಿಗೆ ಗೊತ್ತಾಗದಂತೆ ನೋಡಿಕೊಂಡೆ. ಏನು ಹೋದರೂ ಹೋಗಲಿ, ಅಣ್ಣನಿಗೆ ನನ್ನ ಮೇಲಿದ್ದ ನಂಬಿಕೆ ಹೋಗಬಾರದು ಅನ್ನುವುದೊಂದೇ ಆಗ ನನಗೆ ಬೇಕಾಗಿತ್ತು. ಕೊಲ್ಲುವಾಗ ಆ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ ಗೊತ್ತಿಲ್ಲ.

ಮರ ನೆಟ್ಟವನು ನಮ್ಮಪ್ಪ ಅಜ್ಜಪ್ಪ. ಎಂಬತ್ತನಾಲ್ಕರ ಮಳೆಗಾಲದಲ್ಲಿ, ಊರೆಲ್ಲ ಹತ್ತಿ, ಮೆಣಸಿನಕಾಯಿ ಅಂತ ಓಡಾಡುತ್ತಿದ್ದಾಗ, ಹಳ್ಳದ ದಂಡೆಯ ಒಂದೆಕರೆಯಲ್ಲಿ ಆರಡಿಗೊಂದರಂತೆ ಸಾಗವಾನಿ ಸಸಿ ಇಟ್ಟ. ನೋಡಿದವರು ಅಜ್ಜಪ್ಪನಿಗೆ ತಲೆ ಕೆಟ್ಟಿದೆ ಅಂದರು. ಎರಡು ಬೇಸಿಗೆ ನಾವು ಮೂವರೂ ಹಳ್ಳದಿಂದ ಕೊಡದಲ್ಲಿ ನೀರು ಹೊತ್ತೆವು. ಆಗ ನನಗೆ ಹದಿನೆಂಟು, ಅಣ್ಣನಿಗೆ ಇಪ್ಪತ್ತನಾಲ್ಕು. ಹೆಗಲು ಸುಲಿದು ಹೋಗಿ ನಾನು ಗೊಣಗಿದರೆ ಅಪ್ಪ ಒಂದೇ ಮಾತು ಹೇಳುತ್ತಿದ್ದ.

"ಇದು ನಿಮಗಲ್ಲಲೇ, ನಿಮ್ಮ ಮಕ್ಕಳಿಗೆ. ಸಾಗವಾನಿಗೆ ಗೆದ್ಲಿ ಹತ್ತೂದಿಲ್ಲ. ನೂರು ವರ್ಷ ಮಣ್ಣಿನ್ಯಾಗ ಇದ್ರೂ ಹಂಗ ಇರ್ತೈತಿ. ಇಪ್ಪತ್ತೈದು ವರ್ಷ ಇದಕ್ಕ ಕೊಡ್ಲಿ ತೋರಿಸಬ್ಯಾಡ್ರಿ."

ತೊಂಬತ್ತಾರರಲ್ಲಿ ಅಪ್ಪ ತೀರಿಕೊಂಡ. ಮರುವರ್ಷ ಬೇರೆಯಾದೆವು. ಉಳಿದ ಹೊಲ ಸುಲಭವಾಗಿ ಹರಿದು ಹೋಯಿತು, ಮರದ ಹತ್ತಿರ ಬಂದು ಸಿಕ್ಕಿಕೊಂಡಿತು. ಆ ಎಕರೆಯ ಮೇಲಿನ ಬದಿ ಕಲ್ಲು ಗರಸು, ಕೆಳಗಿನ ಬದಿ ಕಪ್ಪು ಎರೆಮಣ್ಣು, ಒಂದು ಮೂಲೆಗೆ ಮಾತ್ರ ಹಳ್ಳದ ತಂಪು. ಅಡ್ಡ ಕತ್ತರಿಸಿದರೂ ಉದ್ದ ಕತ್ತರಿಸಿದರೂ ಒಬ್ಬನಿಗೆ ದಪ್ಪ ಮರ, ಇನ್ನೊಬ್ಬನಿಗೆ ಸಣಕಲು. ಪಂಚರಲ್ಲಿ ಹಿರಿಯರಾದ ರುದ್ರಮುನಿಯವರು ಒಂದು ತಾಸು ಗಡ್ಡ ಕೆರೆದುಕೊಂಡು, "ನೆಲ ಜಂಟಿ ಇರ್ಲಿ. ಮರ ಸಾಲು ಬಿಟ್ಟು ಸಾಲು ತೊಗೋರಿ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮಿಲ್ಲ" ಅಂದರು. ಅಣ್ಣ ತನ್ನ ಸಾಲಿಗೆ ಕೆಮ್ಮಣ್ಣಿನ ಪಟ್ಟೆ ಬಳಿದ, ನಾನು ನನ್ನದಕ್ಕೆ ಸುಣ್ಣದ ಪಟ್ಟೆ. ದೂರದಿಂದ ನೋಡಿದರೆ ಗುಡಿಯ ಗೋಡೆಯ ಹಾಗೆ ಕಾಣುತ್ತಿತ್ತು.

ನಾಲ್ಕು ವರ್ಷ ಚೆನ್ನಾಗಿಯೇ ನಡೆಯಿತು. ಎರಡು ಸಾವಿರದ ಒಂದರಲ್ಲಿ ರಾಣೆಬೆನ್ನೂರಿನ ಕಟ್ಟಿಗೆ ಅಡ್ಡೆಯ ಯೂಸುಫಸಾಬನನ್ನು ಕರೆತಂದೆವು. ನಿಂತ ಮರ ನೋಡಿ ಎಷ್ಟು ಹಲಗೆ ಬೀಳುತ್ತದೆ ಅಂತ ಹೇಳುವುದರಲ್ಲಿ ಅವನ ಸಮ ಇನ್ನೊಬ್ಬನಿಲ್ಲ. ಕಲ್ಲಂಗಡಿ ಕೊಳ್ಳುವವರ ಹಾಗೆ ಮರವನ್ನು ಬೆರಳ ಗಂಟಿನಿಂದ ಬಡಿದು, ಟೇಪು ಸುತ್ತಿ, ಮೇಲೆ ನೋಡಿ, ನಾಲಿಗೆ ಲೊಚಗುಟ್ಟಿದ.

"ಅಣ್ಣಾರ, ಹದಿನೇಳು ವರ್ಷದ ಮರ ಹಿಂಗ ನನ್ನ ತೊಡಿಯಷ್ಟ ಇರಬಾರದ್ರೀ. ಎಲ್ಲಾವೂ ಬಿಸಿಲಿಗೆ ಬಡಿದಾಡಿ ಮ್ಯಾಲ ಹೋಗ್ಯಾವು, ದಪ್ಪ ಆಗಿಲ್ಲ. ಹತ್ತು ವರ್ಷದ ಹಿಂದನ ಅರ್ಧಾ ತೆಗೀಬೇಕಿತ್ತು. ಈಗರ ಒಂದು ಸಾಲು ಬಿಟ್ಟು ಒಂದು ಸಾಲು ತೆಗೀರಿ. ನಡುನಡುವ ಆರಿಸಿ ತೆಗೆದ್ರ ಬೀಳೂ ಮರ ಉಳಿದದ್ದನ್ನ ಮುರೀತೈತಿ. ಇಲ್ಲಾಂದ್ರ ಎಲ್ಲಾವೂ ಗಳ ಆಗಿ ಹೋಗ್ತಾವ."

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಸಾಲು ಬಿಟ್ಟು ಸಾಲು ಅಂದರೆ ಒಬ್ಬನ ಆಸ್ತಿ ಪೂರ್ತಿ. ಪಂಚರ ನ್ಯಾಯ ಅಲ್ಲಿಗೆ ಬಂದು ನಿಂತಿತ್ತು. ನನ್ನ ಮರ ಅವನ ಮರದ ಕುತ್ತಿಗೆ ಹಿಚುಕುತ್ತಿತ್ತು, ಅವನದು ನನ್ನದನ್ನು. ಇಬ್ಬರೂ ಅಪ್ಪನ ಮಾತು ಉಳಿಸುತ್ತಿದ್ದೇವೆ ಅಂದುಕೊಂಡಿದ್ದೆವು.

ಕೊನೆಗೆ ಅಣ್ಣನೇ ದಾರಿ ಹೇಳಿದ. ಒಂದು ಶನಿವಾರ ಕದರಮಂಡಲಗಿಗೆ ಹೋಗಿ ಹನುಮಪ್ಪನ ಎದುರು ಚೀಟಿ ಎತ್ತಿಸುವುದು. ಯಾರ ಹೆಸರು ಬರುತ್ತದೋ ಅವರ ಸಾಲು ಕಡಿಯುವುದು. ಉಳಿದವನು ಮುಂದೆ ಮರ ಮಾರಿದಾಗ ಅವನಿಗೆ ನಾಲ್ಕಾಣೆ ಪಾಲು ಕೊಡುವುದು. ಗುಡಿಯ ಹೊರಗೆ ಹೂ ಮಾರುವ ಚೌಡವ್ವ ಅನ್ನುವ ಮುದುಕಿಯನ್ನು ಕರೆದೆವು. ಅವಳಿಗೆ ಓದಲು ಬರುತ್ತಿರಲಿಲ್ಲ, ಆದ್ದರಿಂದ ಸಂಶಯಕ್ಕೆ ಜಾಗವಿರಲಿಲ್ಲ. ಅವಳು ಹೂವಿನ ಒದ್ದೆ ಕೈಯಲ್ಲೇ ಒಂದು ಚೀಟಿ ಎತ್ತಿ ಅಣ್ಣನಿಗೆ ಕೊಟ್ಟಳು. ಅಣ್ಣ ಬಿಡಿಸಿ ನೋಡಿ ನನ್ನ ಕೈಗಿಟ್ಟ. ನನ್ನ ಹೆಸರಿತ್ತು.

ಬಸ್ಸಿಗೆ ಕಾಯುತ್ತ ಮಂಡಕ್ಕಿ ಮಿರ್ಚಿ ತಿನ್ನಲು ಕೂತೆವು. ಅಣ್ಣ ಎರಡು ಮಿರ್ಚಿ ತಿಂದು, ಕೈ ಒರೆಸಿಕೊಂಡು ಹೇಳಿದ.

"ಬ್ಯಾಡ ಬಿಡು ಮಾಲ್ಯಾ. ದೇವರು ಹೇಳ್ಯಾನ ಖರೇ, ನನ್ನ ಕೈಲೆ ಆಗೂದಿಲ್ಲ. ಅಪ್ಪನ ಕೂಡ ನನಗಿಂತ ಹೆಚ್ಚು ನೀರು ಹೊತ್ತಾವ ನೀನು. ನಿನಗ ಎರಡು ಗಂಡು ಅದಾವು. ಇಬ್ಬರವೂ ಸಣ್ಣಾಗೇ ಬೆಳೀಲಿ."

ಇಂಥ ಅಣ್ಣನ ಕಾಲು ಹಿಡಿಯಬೇಕು. ನಾನು ಏನು ಮಾಡಿದೆ ಗೊತ್ತೇ? ಮನೆಗೆ ಬರುವಷ್ಟರಲ್ಲಿ ಅವನ ಮೇಲೆ ಸಿಟ್ಟು ಹತ್ತಿತ್ತು. ದೇವರು ನನ್ನ ವಿರುದ್ಧ ಹೇಳಿದ, ಅಣ್ಣ ಬಿಟ್ಟುಕೊಟ್ಟ; ಅಂದರೆ ನನ್ನ ಮರಗಳು ಇನ್ನು ಅವನ ದಯೆಯಿಂದ ನಿಂತಿವೆ. ಅವನು ತೋಟದಲ್ಲಿ ನನ್ನ ಸುಣ್ಣದ ಪಟ್ಟೆಯ ಕಡೆ ಸುಮ್ಮನೆ ಕಣ್ಣು ಹಾಯಿಸಿದರೂ, ಈಗ ಮನಸ್ಸು ಬದಲಾಯಿಸಿದ, ನಾಳೆ ಚೀಟಿಯ ಮಾತು ತೆಗೆಯುತ್ತಾನೆ ಅನ್ನಿಸುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕದಿಯುವ ಮೊದಲೇ ಹೆಗಲು ಮುಟ್ಟಿಕೊಳ್ಳತೊಡಗಿದ್ದೆ. ಇಂಥದ್ದನ್ನೆಲ್ಲ ಹೆಂಡತಿಯ ತಲೆಗೆ ಕಟ್ಟುವುದು ಗಂಡಸರ ಹಳೆಯ ಚಾಳಿ. ಪಾಪ, ಜ್ಯೋತಿಲಕ್ಷ್ಮಿಗೆ ಒಂದಕ್ಷರ ಗೊತ್ತಿರಲಿಲ್ಲ.

ಸಾಗವಾನಿ ಬೇಸಿಗೆಯಲ್ಲಿ ಎಲೆ ಉದುರಿಸಿ ಬೋಳಾಗುತ್ತದೆ. ಆಗ ಬದುಕಿದ ಮರ ಯಾವುದು, ಸತ್ತದ್ದು ಯಾವುದು ಅಂತ ಅದನ್ನು ನೆಟ್ಟವನಿಗೂ ತಿಳಿಯದು. ಮರುವರ್ಷ ಹೋಳಿ ಹುಣ್ಣಿಮೆ ಕಳೆದ ಮೇಲೆ, ಮಟಮಟ ಮಧ್ಯಾಹ್ನ ಊರು ಉಂಡು ಮಲಗಿದ ಹೊತ್ತಿನಲ್ಲಿ, ಬಾಚಿ ಮತ್ತು ಗುದ್ದಲಿ ತೆಗೆದುಕೊಂಡು ಹೋದೆ. ಕೆಮ್ಮಣ್ಣಿನ ಪಟ್ಟೆಯ ಮರದ ಬುಡದಲ್ಲಿ ಮೊಣಕೈ ಆಳ ಮಣ್ಣು ತೆಗೆದೆ. ಅಲ್ಲಿ ಸುತ್ತಲೂ ತೊಗಟೆ ಕೆತ್ತಿ, ಒಳಗಿನ ಬಿಳಿ ಕಟ್ಟಿಗೆ ಕೆತ್ತಿ, ತಿರುಳಿಗೂ ಎರಡು ಬೆರಳು ಇಳಿಯುವಂತೆ ಬಳೆಯ ಹಾಗೆ ಒಂದು ಕಚ್ಚು ಮಾಡಿದೆ. ಮತ್ತೆ ಮಣ್ಣು ಮುಚ್ಚಿ, ಮೇಲೆ ಒಣಗಿದ ಎಲೆ ಹರಡಿದೆ. ದಿನಕ್ಕೆ ಮೂರು ಮರ, ಒಮ್ಮೊಮ್ಮೆ ನಾಲ್ಕು. ಆ ಬೇಸಿಗೆ ಇಪ್ಪತ್ತೆರಡು ಮರ ಮುಗಿಸಿದೆ.

ಜೂನಿನ ಮಿರ್ಗದ ಮಳೆ ಬಿದ್ದ ಮೇಲೆ ತೋಟವೆಲ್ಲ ಮೊರದಗಲ ಎಲೆ ಬಿಟ್ಟಿತು. ಆ ಇಪ್ಪತ್ತೆರಡು ಬೋಳಾಗಿಯೇ ನಿಂತವು. ಕೆಲವು ಕಚ್ಚಿನ ಕೆಳಗಿನಿಂದ, ಮಣ್ಣು ಸೀಳಿಕೊಂಡು ಕೆಂಪು ಚಿಗುರು ಕಳಿಸಿದವು. ಬದುಕಬೇಕು ಅನ್ನುವ ಹಟ ಅದಕ್ಕೂ ಇರುತ್ತದೆ. ನಾನು ಹೋಗಿ ಅದನ್ನೂ ಚಿವುಟಿದೆ. ಎಳೆಯ ಸಾಗವಾನಿ ಎಲೆ ಹಿಸುಕಿದರೆ ಕೈ ಕೆಂಪಾಗುತ್ತದೆ, ಸೋಪು ಹಾಕಿ ತಿಕ್ಕಿದರೂ ಎರಡು ದಿನ ಹೋಗುವುದಿಲ್ಲ. ಎರಡು ದಿನ ಅಣ್ಣನ ಮನೆಯ ಕಡೆ ತಲೆ ಹಾಕಲಿಲ್ಲ.

ಅಣ್ಣ ಒಣ ಮರದ ಮೇಲೆ ಕೈಯಿಟ್ಟು, ಜ್ವರ ನೋಡುವವರ ಹಾಗೆ ನಿಲ್ಲುತ್ತಿದ್ದ. "ಏನೋ ಜಡ್ಡು ಬಂದೈತಿ" ಅನ್ನುತ್ತಿದ್ದ. ರಾಣೆಬೆನ್ನೂರಿನ ಗೊಬ್ಬರದ ಅಂಗಡಿಗಳನ್ನೆಲ್ಲ ಸುತ್ತಿ ಔಷಧ ತಂದ. ಎರಡನೆಯ ಬೇಸಿಗೆ ನಾನು ಮತ್ತೆ ಅರವತ್ತು ಮರ ಕೆತ್ತಿದೆ. ಮಳೆಗಾಲದಲ್ಲಿ ಅವೂ ಬೋಳಾದಾಗ ಅಣ್ಣ ಸುಣ್ಣ, ಅರಿಶಿನ, ಇನ್ನೇನೇನೋ ಬಕೆಟಿನಲ್ಲಿ ಕಲಸಿಕೊಂಡು ಬುಡಕ್ಕೆ ಬಳಿಯುತ್ತ ಕೂತ. ಹತ್ತಿರ ಹೋಗಿ ನೋಡಿದರೆ ನನ್ನ ಸಾಲಿನಲ್ಲಿ ಕೂತಿದ್ದ.

"ಅಣ್ಣಾ, ಅವು ನನ್ನವು" ಅಂದೆ.

"ಗೊತ್ತೈತಿ. ನನ್ನವಕ್ಕ ಹತ್ತಿ ಬಿಟ್ಟೈತಿ, ನಿನ್ನವಕ್ಕ ಹತ್ತೂಕಿಂತ ಮೊದಲ ಕಾಯಬೇಕಲ್ಲ. ಆ ಬಕೆಟ್ ಈ ಕಡೆ ಸರಿಸು."

ನಾನು ಬಕೆಟ್ ಸರಿಸಿದೆ. ಆವತ್ತೇ ಬಾಯಿ ಬಿಡಬಹುದಿತ್ತು. ಅದಾದ ಮೇಲೆ ಒಂದು ಮರವನ್ನೂ ಮುಟ್ಟಲಿಲ್ಲ, ಅಷ್ಟೇ. ಎಂಬತ್ತೆರಡು ಮರ ಕೊಂದವನು ಎಂಬತ್ತಮೂರನೆಯದನ್ನು ಬಿಟ್ಟೆ ಅಂತ ಹೇಳಿಕೊಳ್ಳುವುದು ಯಾವ ದೊಡ್ಡಸ್ತಿಕೆ? ಕೆಲಸ ಆಗಲೇ ನನ್ನ ಕೈ ಮೀರಿತ್ತು.

ಅಣ್ಣನಿಗೆ ಒಬ್ಬಳೇ ಮಗಳು, ಸ್ನೇಹಾ. ಎರಡು ಸಾವಿರದ ನಾಲ್ಕರಲ್ಲಿ ಪಿಯುಸಿ ಮುಗಿಸುತ್ತಿದ್ದಳು. ಹಾವೇರಿಯಲ್ಲಿ ಡಿ.ಎಡ್. ಮಾಡಿ ಕನ್ನಡ ಶಾಲೆಯ ಟೀಚರ್ ಆಗಬೇಕು ಅಂತ ಎಂಟನೆಯ ತರಗತಿಯಿಂದಲೇ ಹೇಳುತ್ತಿದ್ದಳು. ಅಣ್ಣನ ಹತ್ತಿರ ಅದಕ್ಕೆ ಇದ್ದದ್ದು ಮರ ಮಾತ್ರ. ಮರ ಬಲಿತ ಮೇಲೆ ತನಗೇ ಕೊಡುವ ಮಾತಿನ ಮೇಲೆ ಯೂಸುಫಸಾಬ ಅವಳ ಓದಿನ ಖರ್ಚು ಮುಂಗಡ ಕೊಡಲು ಒಪ್ಪಿದ್ದ. ಈಗ ಬಂದು ಬೋಳು ಸಾಲು ನೋಡಿ ತಲೆ ತುರಿಸಿಕೊಂಡ.

"ತಪ್ಪು ತಿಳ್ಕೊಬ್ಯಾಡ್ರಿ ಅಣ್ಣಾರ. ಇಂದು ನಿಂತದ್ದು ನಾಳೆ ಇರ್ತೈತಿ ಅನ್ನೂ ಖಾತ್ರಿ ಇಲ್ಲ. ಹೆಂಗ ಮುಂಗಡಾ ಕೊಡ್ಲಿ?"

ಒಂದು ವಾರ ಕಳೆಯಿತು. ಆಮೇಲೆ ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದು, ಒಳಗೂ ಬರದೆ, ಹೊಸ್ತಿಲಲ್ಲಿ ನಿಂತೇ ಹೇಳಿದ.

"ನನ್ನ ಸಾಲೆಲ್ಲಾ ತೆಗಿಸಿಬಿಡ್ತೇನಿ ಮಾಲ್ಯಾ. ಸತ್ತವು, ಇದ್ದವು, ಎಲ್ಲಾ. ಅರಣ್ಯ ಇಲಾಖಿ ಪರವಾನಗಿಗೆ ಅರ್ಜಿ ಕೊಟ್ಟು ಬಂದೇನಿ."

"ಇದ್ದವು ಯಾಕ? ಐನೂರಕ್ಕ ಹೆಚ್ಚು ಮರ ಚಲೋ ಅದಾವಲ್ಲ" ಅಂದೆ.

"ಇವತ್ತು ಚಲೋ ಅದಾವು. ಈ ಜಡ್ಡು ನನ್ನ ಸಾಲು ಹಿಡಕೊಂಡು ಬರಾಕತ್ತೈತಿ. ನಡುವ ದಾರಿ ಕಡಿದ್ರ ನಿನ್ನವಕ್ಕ ದಾಟೂದಿಲ್ಲ. ಇಬ್ಬರವೂ ಹೋಗೂದಕ್ಕಿಂತ ಒಬ್ಬನವರ ಉಳೀಲಿ. ಹೆಂಗೂ ಅಪ್ಪನ ಮರ ಅಲ್ಲೇನು ಅವು?"

ಈಗ ಹೇಳು, ಈಗಲಾದರೂ ಹೇಳು ಅಂತ ನನ್ನೊಳಗೆ ಒಬ್ಬ ಕೂಗುತ್ತಿದ್ದ. ಹೇಳಿದರೆ ಐನೂರು ಮರ ಉಳಿಯುತ್ತಿದ್ದವು. ಸ್ನೇಹಾಳ ಓದು ಉಳಿಯುತ್ತಿತ್ತು. ನಾನೊಬ್ಬ ಮಾತ್ರ ಉಳಿಯುತ್ತಿರಲಿಲ್ಲ. "ನಿನ್ನ ಇಷ್ಟ ಅಣ್ಣಾ" ಅಂದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟೆ. ನನ್ನ ಜೀವನದಲ್ಲಿ ನಾನು ಆಡಿದ ಅತಿ ಹೊಲಸು ಮಾತು ಅದೇ, ಅದರಲ್ಲಿ ಒಂದು ಬೈಗುಳವೂ ಇರಲಿಲ್ಲ.

ಮೂರು ದಿನದಲ್ಲಿ ಹದಿನಾರು ಸಾಲು ನೆಲಕ್ಕೆ ಬಿದ್ದವು. ಹಲಗೆ ಸೀಳಲು ಬಾರದ ಮರ; ದನದ ಕೊಟ್ಟಿಗೆಗೆ, ಚಪ್ಪರಕ್ಕೆ ಗಳವಾಗಿ ಹೋಯಿತು. ಬಂದದ್ದು ಹಳೆಯ ಕೈಗಡಕ್ಕೆ ಸರಿಹೋಯಿತು. ಡಿ.ಎಡ್. ಸೀಟು ಬೇರೆ ಯಾರಿಗೋ ಹೋಯಿತು. ಸ್ನೇಹಾ ಬೀಜದ ಕಂಪನಿಯ ಪ್ಲಾಟಿಗೆ ಕ್ರಾಸಿಂಗ್ ಕೆಲಸಕ್ಕೆ ಹೋಗತೊಡಗಿದಳು. ಗಿಡಗಿಡಕ್ಕೆ ಬಗ್ಗಿ, ಹೂವಿನ ಗಂಡು ಕೇಸರ ಕಿತ್ತು, ಇನ್ನೊಂದು ಹೂವಿನ ಪರಾಗ ಮುಟ್ಟಿಸುವ ಕೆಲಸ. ನಸುಕಿನಲ್ಲಿ ಹೆಂಗಸರನ್ನು ತುಂಬಿಕೊಂಡು ಹೋಗುವ ಆಟೋದಲ್ಲಿ ಕೊನೆಗೆ ಹತ್ತುವವಳು ಅವಳು, ಕಾಲು ಹೊರಗೆ ಬಿಟ್ಟು ಕೂರುತ್ತಿದ್ದಳು. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಎದುರು ಸಿಕ್ಕಳು.

"ಕಾಕಾ, ನಿಮ್ಮ ಮರಕ್ಕ ಜಡ್ಡು ಹತ್ತಿಲ್ಲಲ್ಲರಿ? ಅಪ್ಪ ದಿನಾ ಕೇಳ್ತಾನ."

"ಇಲ್ಲವ್ವ" ಅಂದೆ.

"ಚಲೋ ಆತು ಬಿಡ್ರಿ" ಅಂದಳು. ಮನಸ್ಸಿನಿಂದಲೇ ಅಂದಳು, ಅದೇ ತಡೆಯಲಾಗಲಿಲ್ಲ. ಬಸ್ಸು ಬಂದರೂ ಹತ್ತದೆ, ಕಲ್ಲಿನ ಮೇಲೆ ಕೂತು ಅತ್ತೆ. ನೋಡಿದವರು ಕಣ್ಣು ಬೇನೆ ಅಂದುಕೊಂಡಿರಬೇಕು.

ನನ್ನ ಮರಗಳಿಗೆ ಬೇಕಾದಷ್ಟು ಬಿಸಿಲು ಸಿಕ್ಕಿತು. ಐದು ವರ್ಷದಲ್ಲಿ ಅವು ಉಬ್ಬಿದ ರೀತಿ ನೋಡಿ ಊರವರು ಬೆರಗಾದರು. ಮಾಲತೇಶನ ಕೈಗುಣ ಅಂದರು. ಕೈಗುಣವೇ ಸರಿ. ಎರಡು ಸಾವಿರದ ಒಂಬತ್ತಕ್ಕೆ ಅಪ್ಪ ಹೇಳಿದ ಇಪ್ಪತ್ತೈದು ವರ್ಷ ತುಂಬಿತು. ಪರವಾನಗಿ ಬಂತು, ಯೂಸುಫಸಾಬ ಆಳುಗಳನ್ನು ಕರೆದುಕೊಂಡು ಬಂದ. ಮೊದಲ ಮರಕ್ಕೆ ತೆಂಗಿನಕಾಯಿ ಒಡೆದವನು ಅಣ್ಣ. ನಾನು ಕರೆದಿರಲಿಲ್ಲ, ಅವನೇ ಹಗ್ಗ ಹೆಗಲಿಗೆ ಹಾಕಿಕೊಂಡು ಬಂದಿದ್ದ. ಮರ ಬಿದ್ದ ಮೇಲೆ ಯೂಸುಫಸಾಬ ಬುಡದ ಉಂಗುರಗಳ ಮೇಲೆ ಬೆರಳಾಡಿಸಿದ.

"ನೋಡ್ರಿಲ್ಲೆ. ಇಲ್ಲೀತನಕ ಉಂಗುರ ಕೂದಲೆಳಿ ಹಂಗ ಅದಾವು. ಇಲ್ಲಿಂದ ಮುಂದ ಬೆರಳಿನಷ್ಟ ಆಗ್ಯಾವು. ನಿಮ್ಮ ಅಣ್ಣಾರ ಸಾಲು ಹೋದ ವರ್ಷ ಇದು."

"ಹೋದದ್ದಕ್ಕ ಒಬ್ಬನವರ ಬೆಳದ್ವಲ್ಲ" ಅಂತ ಅಣ್ಣ ನಕ್ಕ. ಆ ನಗೆಯಲ್ಲಿ ಎಳ್ಳಷ್ಟೂ ಹೊಟ್ಟೆಕಿಚ್ಚಿರಲಿಲ್ಲ. ಅದೇ ಕೊನೆ, ಅವನು ನನ್ನ ಎದುರು ಹಾಗೆ ನಕ್ಕದ್ದು.

ಮರ ಹೋದ ಮೇಲೆ ಜಂಟಿ ನೆಲ ಹಂಚಿಕೊಂಡು ಗೋವಿನಜೋಳ ಹಾಕಬೇಕಿತ್ತು. ಅದಕ್ಕೆ ಇಬ್ಬರ ಸಾಲಿನ ಬೊಡ್ಡೆ, ಬೇರು ಎಲ್ಲ ಕೀಳಿಸಬೇಕು ಅಂದ ಅಣ್ಣ. ನಾನು ಇರಲಿ ಬಿಡು, ಬೆಂಕಿ ಹಚ್ಚಿ ಸುಡೋಣ, ತಾನೇ ಕೊಳೆಯುತ್ತದೆ ಅಂತ ನಾಲ್ಕು ಬಗೆಯಲ್ಲಿ ಹೇಳಿದೆ. ಅವನು ಜೆಸಿಬಿ ಹೇಳಿಯೇ ಬಿಟ್ಟಿದ್ದ. ಒಳಗೊಳಗೆ ನನಗೆ ಒಂದು ಧೈರ್ಯವೂ ಇತ್ತು. ಏಳು ವರ್ಷವಾಯಿತು, ಸತ್ತ ಮರದ ಬೇರನ್ನು ಮಣ್ಣಿನೊಳಗೆ ಗೆದ್ದಲು ತಿಂದು ಮಣ್ಣು ಮಾಡಿರುತ್ತದೆ ಅಂದುಕೊಂಡಿದ್ದೆ. ಗೆದ್ದಲು ಹತ್ತುವುದಿಲ್ಲ ಅನ್ನುವುದಕ್ಕೇ ಅಪ್ಪ ಸಾಗವಾನಿ ನೆಟ್ಟದ್ದು ಅನ್ನುವುದು ಆ ಏಳು ವರ್ಷದಲ್ಲಿ ನನ್ನ ತಲೆಗೆ ಹೊಳೆಯಲೇ ಇಲ್ಲ.

ಜೆಸಿಬಿ ಮೂರನೆಯ ಸಾಲಿನ ಬೊಡ್ಡೆಯೊಂದನ್ನು ಎತ್ತಿ ಅಣ್ಣನ ಕಾಲ ಹತ್ತಿರ ಉರುಳಿಸಿತು. ಮೇಲಿನ ಬಿಳಿಯೆಲ್ಲ ಕೊಳೆತು ಹೋಗಿತ್ತು. ಒಳಗಿನ ತಿರುಳು ಹೊಸ ಕಂಬದ ಹಾಗೆ ಗಟ್ಟಿಯಾಗಿತ್ತು, ಅದರ ಸುತ್ತ ಬಾಚಿಯ ಕಚ್ಚು ನಿನ್ನೆ ಕೆತ್ತಿದಷ್ಟು ಸ್ವಚ್ಛವಾಗಿತ್ತು. ಅಣ್ಣ ಕುಕ್ಕರುಗಾಲಲ್ಲಿ ಕೂತ. ಹೆಬ್ಬೆರಳಿನಿಂದ ಕಚ್ಚಿನೊಳಗಿನ ಮಣ್ಣು ತೆಗೆದ, ಸುತ್ತಲೂ ತೆಗೆದ. ಎದ್ದು ಎರಡನೆಯ ಬೊಡ್ಡೆ ನೋಡಿದ, ಮೂರನೆಯದು, ನಾಲ್ಕನೆಯದು. ಅವನು ಒಂದೊಂದರ ಹತ್ತಿರ ಕೂತು ಏಳುವಾಗ ನಾನು ನಿಂತಲ್ಲೇ ನಿಂತಿದ್ದೆ.

"ಯಾರೋ ಬೇಕಂತನ ಕೆತ್ತ್ಯಾರ್ರೀ ಇದನ್ನ" ಅಂದ ಜೆಸಿಬಿಯವನು, ಮೇಲಿನಿಂದ.

ಉಳಿದ ದಿಮ್ಮಿ ಅಳೆಯಲು ಬಂದಿದ್ದ ಯೂಸುಫಸಾಬ ಟೇಪು ಸುತ್ತುತ್ತ ಹಳ್ಳದ ಕಡೆ ತಿರುಗಿದ. ಅಣ್ಣ ನನ್ನನ್ನು ನೋಡಲಿಲ್ಲ. ಬೈದಿದ್ದರೆ, ಆ ಬಾಚಿಯನ್ನೇ ತಂದು ನನ್ನ ಮೇಲೆ ಎತ್ತಿದ್ದರೆ, ನಾನು ತಲೆ ಕೊಡುತ್ತಿದ್ದೆ. ಅವನು ಜೆಸಿಬಿಯವನಿಗೆ ಹೇಳಿದ್ದು ಇಷ್ಟೇ: "ಇದೊಂದು ಬೊಡ್ಡಿ ಟ್ರೇಲರಿನ್ಯಾಗ ಹಾಕಪಾ. ಮನಿಗೆ ಬೇಕು."

ಮರುದಿನ ಮರದ ದುಡ್ಡಿನಲ್ಲಿ ಅರ್ಧ ತೆಗೆದುಕೊಂಡು ಅಣ್ಣನ ಮನೆಗೆ ಹೋದೆ. ಕಾಲಿಗೆ ಬಿದ್ದು ಎಲ್ಲ ಹೇಳಬೇಕು ಅಂತಲೇ ಹೋದೆ. ಬಾಗಿಲಲ್ಲಿ ಕೂತಿದ್ದ ಅವನು ಗಂಟಿನ ಕಡೆ ನೋಡಿ, "ನಿನ್ನ ಸಾಲಿನದು ನಿನಗ" ಅಂದು ಎದ್ದು ಒಳಗೆ ಹೋದ. ಹೇಳಲು ಏನು ಉಳಿದಿತ್ತು? ಎಲ್ಲ ಅವನ ಅಂಗಳದಲ್ಲೇ ಬಿದ್ದಿತ್ತು.

ಆ ಬೊಡ್ಡೆಯನ್ನು ಅವನು ಬೇರು ಕಡಿಸಿ, ಮೇಲೆ ಸಮ ಮಾಡಿಸಿ, ತಲೆಬಾಗಿಲ ಪಕ್ಕದಲ್ಲಿ ಕೂರುವ ಮಣೆಯ ಹಾಗೆ ಇಟ್ಟಿದ್ದಾನೆ. ಕಚ್ಚನ್ನು ಮುಟ್ಟಿಸಿಲ್ಲ. ನಾನು ಯುಗಾದಿಗೆ ಬೇವುಬೆಲ್ಲ ಕೊಡಲು ಹೋಗುತ್ತೇನೆ, ದೀಪಾವಳಿಗೆ ಹೋಗುತ್ತೇನೆ. ಯಾಕೆ ಹೋಗುತ್ತೀರಿ ಅಂತ ಜ್ಯೋತಿಲಕ್ಷ್ಮಿ ಕೇಳುತ್ತಾಳೆ. ಈಗ ಅವಳಿಗೂ ಗೊತ್ತು. ಹೋಗದಿದ್ದರೆ ಆ ಒಂದು ಮಾತೂ ಸಿಗುವುದಿಲ್ಲ, ಅದಕ್ಕೆ ಹೋಗುತ್ತೇನೆ.

"ಕುಂದ್ರು ಮಾಲ್ಯಾ" ಅನ್ನುತ್ತಾನೆ ಅಣ್ಣ, ಬೊಡ್ಡೆ ತೋರಿಸಿ. ದನಿ ಮೊದಲಿನ ಹಾಗೆಯೇ ಇರುತ್ತದೆ.

ನಾನು ಕೂರುತ್ತೇನೆ. ಕೈ ತಾನಾಗಿ ಕೆಳಗಿಳಿದು ಕಚ್ಚಿನಲ್ಲಿ ಸೇರುತ್ತದೆ, ನಾಲ್ಕು ಬೆರಳು ಸರಿಯಾಗಿ ಹಿಡಿಯುತ್ತವೆ. ಸ್ನೇಹಾ ಚಹಾ ತಂದುಕೊಡುತ್ತಾಳೆ, ಕಾಕಾ ಅನ್ನುವುದನ್ನು ಬಿಟ್ಟಿದ್ದಾಳೆ. ಬಾಗಿಲು ತೆರೆದೇ ಇರುತ್ತದೆ. ಒಳಗೆ ಗೋಡೆಗೆ ಅಪ್ಪನ ಫೋಟೋ, ಅದರ ಕೆಳಗೆ ಎರಡು ಖಾಲಿ ಕುರ್ಚಿ ಕಾಣುತ್ತವೆ. ಅಣ್ಣ ಒಳಗೆ ಬಾ ಅಂದಿಲ್ಲ.